ನುಡಿಯ ಹೊಣೆ

ಒಂದು ಸಮಾಜದೊಳಗೆ ಸೇರಿದ ಮನುಷ್ಯನು ಪ್ರಾಮಾಣಿಕನೆನ್ನಿಸಿಕೊಳ್ಳಬೇಕಾದರೆ ಅವನಲ್ಲಿ ಏನಿರಬೇಕು? ಸುಳ್ಳಾಡದಿದ್ದರೆ ಸಾಕೆ? ಅಥವಾ ತಾನು ಆಡಿದ ನುಡಿಗೆ ಬೇರೆಯವರ ಮುಂದೆ ಉತ್ತರ ಕೊಡುವ ಸಿದ್ಧತೆಯೂ ಬೇಕೆ? ಈ ಪ್ರಶ್ನೆಯು ನೀತಿಶಾಸ್ತ್ರಕ್ಕೆ ಸೇರಿದ್ದೆಂದು ಕೆಲವರಿಗೆ ತೋರಬಹುದು. ಆದರೆ ಇದು ಸಾಹಿತ್ಯವಿಮರ್ಶೆಯ ಪ್ರಶ್ನೆಯೂ ಅಹುದು. ಏಕೆಂದರೆ ಕನ್ನಡದ ಬಹು ಹಳೆಯ ಪದ್ಯಗಳಲ್ಲೊಂದೂ, ಬಹು ಹಿರಿಯ ಗದ್ಯದ ಸಮೂಹವೊಂದೂ ಇದಕ್ಕೆ ಉತ್ತರ ಕೊಡುತ್ತಿರುವವು. ಮತ್ತು ಇವೆರಡೂ ನಮ್ಮ ಸೀಮೆಗೆ ಸಂಬಂಧಿಸಿದವು. ಒಂದು, ಬಾದಾಮಿಯ ತಟ್ಟುಕೋಟಿಯ ಬಂಡೆಯಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನ. ಇನ್ನೊಂದು, ಬಸವಣ್ಣನವರೂ ಅವರ ಸಂಗಡಿಗರೂ ಆಡಿದ ವಚನಗಳು. ಬಸವಣ್ಣನವರ ಅಂಕಿತವಾದ ಕೂಡಲಸಂಗಮವು ಹುನಗುಂದದ ಮಗ್ಗುಲಲ್ಲಿ ಕೃಷ್ಣೆ ಮಲಪ್ರಭೆಗಳು ಕೂಡುವ ಸ್ಥಳ. ಈ ಎರಡು ಉತ್ತರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಿ ನೋಡುವದೇ ಈ ಲೇಖನದ ಉದ್ದೇಶ.

ಅರಭಟ್ಟನ ಶಾಸನವು ಸುಮಾರು ಕ್ರಿ.ಶ. 700ರದು. ಕನ್ನಡದ ತ್ರಿಪದಿಗೆ ದೊರೆತ ಅತಿ ಪ್ರಾಚೀನ ಸಾಕ್ಷ್ಯವೆಂದು ವಿದ್ಯಾವಂತರೆಲ್ಲರೂ ಇದನ್ನು ಬಲ್ಲರು. ಇದರ ಛಂದಸ್ಸನ್ನು ಕುರಿತು ಬರೆದವರು ಅನೇಕರು; ಇದು ಹೇಳುವ ಮನುಷ್ಯನನ್ನು ಕುರಿತು ಯೋಚಿಸಿದವರು ವಿರಳ. ಶಾಸನದ ಪ್ರಕಾರ ಅರಭಟ್ಟನು ಒಳ್ಳೆಯವರೊಡನೆ ಒಳ್ಳೆಯವನು, ಸವಿಯಾಗಿ ನಡೆವವರಿಗೆ ಸವಿಯಾದವನು. ಪೀಡಿಸ ಬಂದವರ ಪಾಲಿಗೆ ಮಾತ್ರ ಅವನು ಸಾಕ್ಷಾತ್ ವಿಷ್ಣುವಿನಂತೆ ಎದುರಿಲ್ಲದವನು. ಅಲ್ಲಿಯೇ ಇರುವ ಒಂದು ಸಂಸ್ಕೃತ ಶ್ಲೋಕದ ಅಭಿಪ್ರಾಯವಾದರೋ, ಮರಣದ ದುಃಖವು ಕ್ಷಣಮಾತ್ರದ್ದು, ಮಾನಭಂಗದ ದುಃಖವು ದಿನದಿನದ್ದು ಎಂಬುದು.

ಇಷ್ಟು ಕಡಿಮೆ ಮಾತುಗಳಲ್ಲಿ ಒಬ್ಬ ಗಂಡಾಳಿನ ಸ್ವಭಾವವನ್ನು ಇಷ್ಟು ಸ್ಪಷ್ಟವಾಗಿ ನಿಲ್ಲಿಸಿದ ಬರಹವು ಸುಲಭವಾಗಿ ಸಿಕ್ಕದು. ಇಲ್ಲಿ ಕಪಟವಿಲ್ಲ, ಒಳಗೊಂದು ಹೊರಗೊಂದು ಇಲ್ಲ. ಆದರೂ ಸೂಕ್ಷ್ಮವಾಗಿ ನೋಡಿದರೆ ಒಂದು ಕೊರತೆಯು ಕಾಣುವದು. ಅರಭಟ್ಟನ ನಡೆಯನ್ನು ನಿರ್ಣಯಿಸುವವನು ಅರಭಟ್ಟನಲ್ಲ, ಅವನ ಎದುರಿಗೆ ನಿಂತವನು. ಎದುರಿನವನು ಸಾಧುವಾದರೆ ಇವನು ಸಾಧು; ಅವನು ಕೆಟ್ಟರೆ ಇವನು ಕಠಿಣ. ಇದು ಕನ್ನಡಿಯ ನ್ಯಾಯ. ಕನ್ನಡಿಯು ಸುಳ್ಳು ಹೇಳದೆಂಬುದು ನಿಜ. ಆದರೆ ಅದಕ್ಕೆ ತನ್ನದೆಂಬ ಮುಖವೂ ಇಲ್ಲ. ಇದಲ್ಲದೆ ಶಾಸನವು ಬಹಳವಾಗಿ ಕಾಯುವ ವಸ್ತುವು ಮಾನ. ಮಾನವೆಂಬುದು ಮಂದಿಯ ಕಣ್ಣಿನಲ್ಲಿರುವದು. ಮಂದಿಯು ನೋಡದ ಕಡೆಯಲ್ಲಿ ಮನುಷ್ಯನು ಹೇಗಿರಬೇಕೆಂಬುದನ್ನು ಬಂಡೆಯು ಹೇಳುವದಿಲ್ಲ.

ಬಾದಾಮಿಯ ಈ ಒಂಟಿ ವೀರನಿಂದ ಒಂದು ಸಮುದಾಯದ ಕಡೆಗೆ ಬರಬೇಕಾದರೆ ನಾವು ಐಹೊಳೆಯ ಹಾದಿಯನ್ನು ಹಿಡಿಯಬೇಕು. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ಹೆಸರು ಈ ಊರಿನದು. ಈ ಸಂಘದವರು ತಮ್ಮನ್ನು ವೀರಬಣಂಜುಧರ್ಮದ ಪಾಲಕರೆಂದು ಶಾಸನಗಳಲ್ಲಿ ಹೇಳಿಕೊಂಡರು. ದಕ್ಷಿಣದೇಶದಲ್ಲೆಲ್ಲ ಇವರ ವ್ಯವಹಾರವಿದ್ದಿತು. ಸುಮಾತ್ರಾ ದ್ವೀಪದಲ್ಲಿ 1088ರ ಒಂದು ತಮಿಳು ಶಾಸನವೂ ಐನೂರ್ವರ ಹೆಸರನ್ನು ಹೇಳುವದು. ಅಷ್ಟು ದೂರದ ರೇವಿನಲ್ಲಿ ನಿಂತ ವರ್ತಕನ ಮೋರೆಯನ್ನು ಐಹೊಳೆಯಲ್ಲಿದ್ದವನು ನೋಡಿರಲಾರನು. ಹೀಗಿದ್ದೂ ಇಬ್ಬರನ್ನೂ ಒಂದೇ ಹೆಸರು ಕಟ್ಟಿಹಾಕಿದ್ದಿತು. ಆ ಹೆಸರಿನ ಬಲದಿಂದ ಒಬ್ಬನಿಗೆ ದೊರೆಯುವ ನಂಬಿಕೆಯು ಅವನು ಗಳಿಸಿದ್ದಲ್ಲ, ಮಿಕ್ಕವರು ಗಳಿಸಿದ್ದು. ಅವನು ಮಾಡಿದ ಮೋಸದ ನಷ್ಟವೂ ಅವನೊಬ್ಬನದಲ್ಲ, ಎಲ್ಲರದು. ಸಮುದಾಯದೊಳಗಿನ ಪ್ರಾಮಾಣಿಕತೆಯು ಮೊದಲನೆಯದಾಗಿ ಒಂದು ಸಾಲವೆಂಬುದನ್ನು ನಾವು ಇಲ್ಲಿ ಕಲಿಯಬಹುದು. ಅರಭಟ್ಟನ ಬಂಡೆಯಲ್ಲಿ ಈ ಸಾಲದ ಲೆಕ್ಕವಿಲ್ಲ.

ಆದರೆ ಸಂಘದ ಹೆಸರಿನಲ್ಲಿ ಅಡಗಿಕೊಳ್ಳುವದಕ್ಕೂ ಅವಕಾಶವುಂಟು. ಎಲ್ಲರ ಹೆಸರು ಯಾರ ಹೆಸರೂ ಅಲ್ಲ. ಈ ತೊಡಕಿಗೆ ಹನ್ನೆರಡನೆಯ ಶತಮಾನದ ಶರಣರು ಕಂಡುಕೊಂಡ ಉತ್ತರವೇ ಅಂಕಿತ. ಅವರ ಸಮುದಾಯವು ಒಂದೇ ಆದರೂ ಅಂಕಿತವು ಒಬ್ಬೊಬ್ಬರದು ಒಂದೊಂದು. ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಬಸವಣ್ಣನವರದು ಕೂಡಲಸಂಗಮದೇವ. ಸಾಮಾನ್ಯವಾಗಿ ಅಂಕಿತವನ್ನು ಕವಿಯ ಗುರುತಿನ ಮುದ್ರೆಯೆಂದಷ್ಟೇ ನಾವು ಎಣಿಸುವೆವು. ಹಾಗಾದರೆ ವಚನಕಾರರು ತಮ್ಮ ಹೆಸರನ್ನೇ ಏಕೆ ಹಾಕಲಿಲ್ಲ? ಅಂಕಿತವು ಆಡಿದವನ ಹೆಸರಲ್ಲ, ಅವನು ಯಾರ ಮುಂದೆ ಆಡಿದನೋ ಆ ಸಾಕ್ಷಿಯ ಹೆಸರು. ಸಾಕ್ಷಿಯನ್ನು ಕರೆದು ಆಡಿದ ನುಡಿಯಿಂದ ಹಿಂದೆಗೆಯುವದು ಕಷ್ಟ. ಮಂದಿಯು ನೋಡದ ಕಡೆಯಲ್ಲಿಯೂ ಆ ಸಾಕ್ಷಿಯು ಇರುವದರಿಂದ ಬಂಡೆಯು ಬಿಟ್ಟ ಕೊರತೆಯು ಇಲ್ಲಿ ತುಂಬಿತು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ಕಳವಲ್ಲ, ಸುಳ್ಳಲ್ಲ, ಬೇಡವೆಂದವರೂ ಇಲ್ಲ. ಹೀಗಿದ್ದೂ ಅವನ ಹೆಂಡತಿಯಾದ ಲಕ್ಕಮ್ಮನು ಅದನ್ನು ಒಲೆಯ ಮೇಲೇರಿಸದೆ, ಇದ್ದಲ್ಲಿಗೇ ಒಯ್ದು ಸುರಿದು ಬರಲು ಹೇಳಿದಳು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಲಕ್ಕಮ್ಮನ ಅಂಕಿತವು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅದರಲ್ಲಿ ಗಂಡನ ಹೆಸರೇ ಇರುವದು. ಯಾರ ಹೆಸರನ್ನು ತನ್ನ ನುಡಿಯ ಕೊನೆಯಲ್ಲಿ ಹೊತ್ತಳೋ ಅವನನ್ನೇ ಅವಳು ತಿದ್ದಿದಳು. ನಿಷ್ಠೆಯೆಂದರೆ ನಮ್ಮವರ ತಪ್ಪಿಗೆ ಸೆರಗು ಮುಚ್ಚುವದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಬೇಕೆ?

ವಚನಗಳ ಕಟುವಾದ ಮಾತಿನ ದಿಕ್ಕನ್ನೂ ಪರೀಕ್ಷಿಸಬೇಕು. ಬಸವಣ್ಣನವರು ಲೋಕದ ಡಂಭವನ್ನು ಖಂಡಿಸಿದವರೇ. ಆದರೆ ಅವರು ಬಹು ಕಠಿಣವಾಗಿ ನುಡಿದುದು ತಮ್ಮನ್ನು ಕುರಿತು. ತನ್ನ ಮನವನ್ನು ಮೊದಲು ನೇರ ಮಾಡಿಕೊಳ್ಳದೆ ಪರರ ಡೊಂಕಿಗೆ ಕೈಹಚ್ಚಬಾರದೆಂಬುದು ಅವರ ಮತ. ಅರಭಟ್ಟನಲ್ಲಿ ಹೊರಗಿನವನು ಅಳತೆಗೋಲು. ಇಲ್ಲಿ ಆಡುವವನೇ ಮೊದಲು ಅಳತೆಗೆ ಒಳಗಾಗುವನು.

ಇದಕ್ಕೆ ಕೆಲವರು ಹೀಗೆ ಆಕ್ಷೇಪಿಸಬಹುದು: ಪ್ರತಿಯೊಬ್ಬನೂ ತನ್ನನ್ನೇ ತಿದ್ದಿಕೊಳ್ಳುತ್ತ ಕುಳಿತರೆ ಕೆಡುಕನನ್ನು ಕೇಳುವವರಾರು? ಆಕ್ಷೇಪಣೆಯು ಯುಕ್ತವಾದದ್ದು. ಉತ್ತರವನ್ನು ಶೂನ್ಯಸಂಪಾದನೆಯಲ್ಲಿ ಹುಡುಕಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ, ಮುಂದೆ ಬೇರೆಯವರು ಬೆಳೆಸಿದ ಈ ಗ್ರಂಥವು ನಡೆದ ಮಾತುಕತೆಯ ವರದಿಯಲ್ಲ. ವಚನಗಳನ್ನು ಸಂವಾದವಾಗಿ ಹೆಣೆದದ್ದು. ಆದರೂ ಆ ಸಮುದಾಯವು ಹೇಗಿರಬೇಕೆಂದು ಮುಂದಿನವರು ತಿಳಿದರೆಂಬುದಕ್ಕೆ ಅದು ಪ್ರಮಾಣ. ಅಲ್ಲಿ ಅಲ್ಲಮಪ್ರಭುಗಳು ಅಕ್ಕನನ್ನು ತುಂಬಿದ ಸಭೆಯಲ್ಲಿ ಕಟುವಾಗಿ ಪ್ರಶ್ನಿಸುವರು. ಅವಳು ಅಷ್ಟೇ ಧೈರ್ಯದಿಂದ ಉತ್ತರ ಕೊಡುವಳು. ಬಾಗಿಲಿಗೆ ಬಂದ ಪ್ರಭುಗಳನ್ನು ಕಾಣಲು ಪೂಜೆಯಲ್ಲಿದ್ದ ಬಸವಣ್ಣನವರು ತಾವೇ ಎದ್ದು ಬಾರದ್ದಕ್ಕಾಗಿ ಸಮುದಾಯದ ಹಿರಿಯರಾದ ಅವರೂ ಆಕ್ಷೇಪಣೆಯನ್ನು ಕೇಳಬೇಕಾಗುವದು. ಅವರು ತಪ್ಪನ್ನು ಒಪ್ಪಿಕೊಳ್ಳುವರು. ಕೇಳುವವನು ಎದುರಿಗೆ ನಿಂತು ಕೇಳಬೇಕು, ತನ್ನ ಅಂಕಿತದಿಂದ ಕೇಳಬೇಕು, ಉತ್ತರಕ್ಕೆ ಎಡೆಗೊಡಬೇಕು. ಬೆನ್ನ ಹಿಂದಿನ ನಿಂದೆಗೆ ಅಲ್ಲಿ ಸ್ಥಳವಿಲ್ಲ.

ಈ ವಿಚಾರವು ಹಳೆಯ ಕಾಲಕ್ಕೆ ಮುಗಿದುದಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು ಓಲೆಯ ಪ್ರತಿಗಳನ್ನು ಅರಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರಗೆಡಹಿದಾಗ ಅವರು ಕಾಯ್ದುಕೊಟ್ಟದ್ದು ಬರಿಯ ನುಡಿಗಳನ್ನಲ್ಲ, ಯಾವ ನುಡಿಯು ಯಾರದೆಂಬ ಸತ್ಯವನ್ನು ಸಹ. ಮುಂದೆ 1990ರ ದಶಕದಲ್ಲಿ ಮಾತೆ ಮಹಾದೇವಿಯವರು ತಮ್ಮ ಬಸವ ವಚನ ದೀಪ್ತಿಯಲ್ಲಿ ಕೂಡಲಸಂಗಮದೇವನ ಸ್ಥಳದಲ್ಲಿ ಲಿಂಗದೇವನೆಂದು ಅಂಕಿತವನ್ನು ಬದಲಿಸಿದರು. 1998ರಲ್ಲಿ ಸರ್ಕಾರವು ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಬದಲಾವಣೆಯನ್ನು ಅವರು ಬೈಲಿನಲ್ಲಿಯೇ ಮಾಡಿದರು, ತಮ್ಮ ಹೆಸರಿನಿಂದ ಸಮರ್ಥಿಸಿದರು. ಇಷ್ಟನ್ನು ನ್ಯಾಯವಾಗಿ ಹೇಳಲೇಬೇಕು. ಆದರೂ ಇನ್ನೊಬ್ಬನು ಕರೆದ ಸಾಕ್ಷಿಯನ್ನು ಬದಲಿಸುವ ಹಕ್ಕು ಭಕ್ತರಿಗೂ ಇಲ್ಲ, ಪಂಡಿತರಿಗೂ ಇಲ್ಲ. ಭಿನ್ನಾಭಿಪ್ರಾಯವಿದ್ದರೆ ತಮ್ಮ ಅಂಕಿತದಲ್ಲಿ ಬರೆಯಬಹುದಾಗಿತ್ತು. ಅಂತೆಯೇ ಪುಸ್ತಕವನ್ನು ಮುಟ್ಟುಗೋಲು ಹಾಕಿದ ಮಾತ್ರಕ್ಕೆ ಪ್ರಾಮಾಣಿಕತೆಯು ಬೆಳೆಯಲಾರದು. ತಪ್ಪು ಪಾಠಕ್ಕೆ ಮದ್ದು ಸರಿಯಾದ ಪಾಠ. ಬಸವಣ್ಣನವರು ಎಂದೂ ಆಡದ ನುಡಿಗೆ ಕೂಡಲಸಂಗಮದೇವನನ್ನು ಅಂಟಿಸಿ ಹಂಚುವವರೂ, ವಿಚಾರಿಸದೆ ಅದನ್ನು ಮುಂದಕ್ಕೆ ದಾಟಿಸುವವರೂ ಯಾವ ಆಜ್ಞೆಗೂ ಸಿಕ್ಕುವವರಲ್ಲ.

ಈ ಕೆಲಸವು ಕೊನೆಗೆ ಒಬ್ಬೊಬ್ಬರ ಮನೆಯೊಳಗೆ ನಡೆಯಬೇಕಾದದ್ದು. ಇಳಕಲ್ಲಿನ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರಿಂದ ಅವರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ತಂಬಾಕಿನ ಚೀಟನ್ನು ಜೋಳಿಗೆಗೆ ಹಾಕುವದು ನಾಲ್ಕು ಜನರ ಮುಂದೆ. ಆ ಮಾತನ್ನು ಉಳಿಸಿಕೊಳ್ಳುವದು ಯಾರೂ ಇಲ್ಲದಾಗ. ಸಮುದಾಯವು ಕೊಡಬಲ್ಲದ್ದು ಸಾಕ್ಷಿಯನ್ನು ಮಾತ್ರ. ನಡೆಯನ್ನು ಮನುಷ್ಯನೇ ಕೊಡಬೇಕು.

ಆದುದರಿಂದ ಎರಡು ಉತ್ತರಗಳಲ್ಲಿ ಸಂಗಮದ ಉತ್ತರವೇ ಪೂರ್ಣವಾದದ್ದೆಂದು ನಮ್ಮ ನಿರ್ಣಯ. ತಟ್ಟುಕೋಟಿಯ ವೀರನ ನೇರವು ನಮಗೆ ಬೇಕು. ಆದರೆ ಅದನ್ನು ಮೊದಲು ತಿರುಗಿಸಬೇಕಾದದ್ದು ನಮ್ಮ ಕಡೆಗೆ. ಬರೆಯುವವರೂ ವಿಮರ್ಶಿಸುವವರೂ ಒಂದು ಸಾಲನ್ನು ಹೊರಗೆ ಬಿಡುವ ಮುನ್ನ, ಇದರ ಕೆಳಗೆ ನಾನು ಯಾರನ್ನು ಸಾಕ್ಷಿಯಾಗಿ ಕರೆಯಬಲ್ಲೆನೆಂದು ಕೇಳಿಕೊಳ್ಳಲಿ. ಕರೆಯಲು ಧೈರ್ಯವಿಲ್ಲದ ನುಡಿಯನ್ನು ಆಡದಿರುವದೇ ಲೇಸು.