ಐದು ಜನ, ಒಂದೇ ಊರು

ಮನೆಮಂದಿಯ ಪ್ರವಾಸದಲ್ಲಿ ದುಡ್ಡು ಖರ್ಚಾಗುವುದು ದೂರಕ್ಕೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಖರ್ಚಿನ ಚೀಟಿ ಬೇರೆಯೇ ಕಥೆ ಹೇಳುತ್ತದೆ. ಬೆಂಗಳೂರಿನಿಂದ ಬಾದಾಮಿಗೆ ಸ್ಲೀಪರ್ ಬೋಗಿಯಲ್ಲಿ ತಲೆಗೆ ನಾನೂರು ರೂಪಾಯಿಯ ಆಸುಪಾಸು. ಅಲ್ಲಿ ಇಳಿದ ಮೇಲೆ ಸ್ಟೇಷನ್ನಿನಿಂದ ಲಾಡ್ಜಿಗೆ, ಲಾಡ್ಜಿನಿಂದ ಗುಡಿಗೆ, ಸಂಜೆಗೆ ಇನ್ನೊಂದು ಊರಿಗೆ, ಆ ಊರಿನ ಇನ್ನೊಂದು ಲಾಡ್ಜಿಗೆ ಎಂದು ಬಾಡಿಗೆ ಗಾಡಿಯಲ್ಲಿ ಸುತ್ತಿ ಮುಗಿಸುವಷ್ಟರಲ್ಲಿ ರೈಲಿನ ಖರ್ಚಿನ ಹಲವು ಪಟ್ಟು ಕೈಬಿಟ್ಟಿರುತ್ತದೆ. ಜಾಗಗಳ ಸಂಖ್ಯೆ ಏರಿದಂತೆಲ್ಲ ಜೇಬು ಹಗುರಾಗುತ್ತದೆ, ಮಕ್ಕಳಿಗೆ ನೆನಪಲ್ಲಿ ಉಳಿಯುವುದು ಮಾತ್ರ ಕಾರಿನ ಹಿಂಬದಿ ಸೀಟು. ಹಾಗಾಗಿ ಈ ಅಂಕಣದಲ್ಲಿ ನಾನು ಬಿಡದೆ ಹೇಳಿಕೊಂಡು ಬಂದಿರುವ ಹಟದ ಮಾತು ಒಂದೇ: ಒಂದು ಊರು ಹಿಡಿಯಿರಿ, ಮೂರು ರಾತ್ರಿ ಅಲ್ಲೇ ಇರಿ.

ಈ ವಾರಕ್ಕೆ ಬಾದಾಮಿಯನ್ನೇ ತಗೊಳ್ಳೋಣ. ಗಂಡ, ಹೆಂಡತಿ, ಅಜ್ಜಿ, ಹತ್ತು ವರ್ಷದ ಮಗಳು, ಎಂಟು ವರ್ಷದ ಮಗ. ದಸರಾ ರಜೆ. ಬೇಸಿಗೆ ರಜೆಗೆ ಬಾದಾಮಿ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಆ ಕೆಂಬಂಡೆಗಳು ಸೂರ್ಯ ಮುಳುಗಿದ ಮೇಲೂ ಕಾವು ಬಿಡುವುದಿಲ್ಲ.

ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆಗೆ ಬೆಂಗಳೂರು ಬಿಟ್ಟು, ಹುಬ್ಬಳ್ಳಿ, ಗದಗ ದಾಟಿ, ಬೆಳಗಾಗುವ ಹೊತ್ತಿಗೆ ಬಾದಾಮಿಗೆ ತಂದಿಳಿಸುತ್ತದೆ. ವಾಪಸಾಗುವಾಗಲೂ ರಾತ್ರಿ ಪ್ರಯಾಣವೇ. ಎರಡು ರಾತ್ರಿಯ ಕೊಠಡಿ ಬಾಡಿಗೆ ಅಲ್ಲಿಗೆ ಉಳಿಯಿತು. ಆದರೆ ರೈಲಿನ ಟಿಕೆಟ್ ತೆಗೆಯುವುದೂ ಒಂದು ಕಲೆ. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ನನಗೆ ಇದು ಅನುಕೂಲವೇ ಆಗಿದೆ. ನಾಲ್ಕು ತಿಂಗಳು ಮೊದಲೇ ರಜೆಯ ದಿನ ಹೇಳಬಲ್ಲ ಸಂಸಾರ ಎಲ್ಲಿದೆ?

ಐದು ವರ್ಷದೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಟಿಕೆಟ್ಟೇ ಬೇಡ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ. ಅರ್ಧ ಟಿಕೆಟ್ಟಿನ ಆಸೆಗೆ ಬೀಳಬೇಡಿ. ಎಂಟು ವರ್ಷದವನನ್ನು ಪಕ್ಕದಲ್ಲಿ ತುರುಕಿಕೊಂಡು ಮಲಗಿದ ತಾಯಿ ಗದಗ ಬರುವವರೆಗೂ ಕಣ್ಣು ಮುಚ್ಚುವುದಿಲ್ಲ, ಮರುದಿನ ಮಧ್ಯಾಹ್ನವೆಲ್ಲ ಲಾಡ್ಜಿನಲ್ಲಿ ನಿದ್ದೆಗೇ ಹೋಗುತ್ತದೆ. ಉಳಿಸಿದ್ದು ಇನ್ನೂರು, ಕಳೆದದ್ದು ಒಂದು ದಿನ.

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಅದರ ಬಗ್ಗೆ ನನಗಿರುವ ಸಿಟ್ಟನ್ನು ಇಲ್ಲಿ ತೆಗೆದರೆ ಅಂಕಣ ಅಲ್ಲಿಗೇ ಮುಗಿಯುತ್ತದೆ. ಉಳಿದಿರುವ ಸವಲತ್ತು ಕೆಳಗಿನ ಬರ್ತಿನದು. ಅದಕ್ಕೊಂದು ಕೋಟಾ ಇದೆ, ಆದರೆ ಒಬ್ಬರೇ ಅಥವಾ ಇಬ್ಬರು ಹಿರಿಯರು ಬೇರೆಯಾಗಿ ಟಿಕೆಟ್ ತೆಗೆದಾಗ ಮಾತ್ರ ಅದು ಸಿಗುವುದು. ಐದೂ ಜನರನ್ನು ಒಂದೇ ಟಿಕೆಟ್ಟಿನಲ್ಲಿ ಸೇರಿಸಿ ಅಜ್ಜಿಗೆ ಮೇಲಿನ ಬರ್ತ್ ಬಂತೆಂದು ಪರದಾಡುವವರನ್ನು ಪ್ರತಿ ಬೋಗಿಯಲ್ಲೂ ನೋಡುತ್ತೇನೆ. ಅಜ್ಜಿಯ ಟಿಕೆಟ್ ಬೇರೆ ತೆಗೆಯಿರಿ.

ಕಾರಿದ್ದವರು ಇಲ್ಲಿ ಕೈ ಎತ್ತುತ್ತಾರೆ. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್, ಲೀಟರಿಗೆ ಹದಿನೈದು ಕೊಡುವ ಗಾಡಿಯಾದರೆ ಮೂವತ್ತು ಲೀಟರ್ ಪೆಟ್ರೋಲ್, ಅಂದರೆ ಮೂರು ಸಾವಿರ. ರೈಲಿನಲ್ಲಿ ಐದು ಬರ್ತಿಗೆ ಎರಡು ಸಾವಿರ. ವ್ಯತ್ಯಾಸ ದೊಡ್ಡದೇನಲ್ಲ, ಒಪ್ಪುತ್ತೇನೆ. ಕಾರು ಜೇಬು ಕತ್ತರಿಸುವುದು ಬೇರೆ ದಾರಿಯಲ್ಲಿ. “ಹೇಗೂ ಕಾರಿದೆಯಲ್ಲ, ಕೂಡಲಸಂಗಮ ನೋಡಿಬಿಡೋಣ, ಹಾಗೇ ವಿಜಯಪುರ, ಬರುವಾಗ ಹಂಪಿ” ಎನ್ನುತ್ತದೆ ಅದು. ಕಾರು ತಂದವನು ಒಂದೂರಿನಲ್ಲಿ ಕೂರಲಾರ.

ಬಾದಾಮಿ ಸ್ಟೇಷನ್ ಇರುವುದು ಊರಿನಿಂದ ಐದು ಕಿಲೋಮೀಟರ್ ಆಚೆ. ರೈಲು ಬಂದ ಹೊತ್ತಿಗೆ ಹೊರಗೆ ಆಟೋ, ಟಂಟಂಗಳು ನಿಂತಿರುತ್ತವೆ. ಮೊದಲು ಓಡಿಬಂದು ಚೀಲಕ್ಕೆ ಕೈ ಹಾಕಿದವನಿಗೆ ಐದು ನಿಮಿಷ ನಗುತ್ತಾ ಕಾಯಲು ಹೇಳಿ. ಗುಂಪು ಕರಗಿದ ಮೇಲೆ ದರ ತಾನೇ ಇಳಿಯುತ್ತದೆ. ಬಸ್ ಸ್ಟ್ಯಾಂಡಿನ ಸುತ್ತಮುತ್ತ ಸಾದಾ ಲಾಡ್ಜುಗಳಿವೆ, ಸ್ವಲ್ಪ ದೂರದಲ್ಲಿ ಸರ್ಕಾರಿ ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ. “ಮೂರು ರಾತ್ರಿ ಇರ್ತೀವಿ” ಎಂಬ ಮಾತಿಗೆ ಕೌಂಟರಿನಲ್ಲಿರುವ ಬೆಲೆ, “ಸ್ವಲ್ಪ ಕಡಿಮೆ ಮಾಡಿ” ಎನ್ನುವುದಕ್ಕಿಲ್ಲ. ಭಾನುವಾರ ಸೇರಿ ಗುರುವಾರದೊಳಗೆ ಮುಗಿಯುವಂತೆ ದಿನ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬನಶಂಕರಿ ಜಾತ್ರೆಯ ಕಾಲದಲ್ಲಿ, ಅಂದರೆ ಬನದ ಹುಣ್ಣಿಮೆಯ ಆಚೀಚೆ, ಕೊಠಡಿ ಹುಡುಕುವ ಸಾಹಸ ಬೇಡ. ಆಗ ಹೋಗುವುದು ರಾತ್ರಿಯಿಡೀ ನಡೆಯುವ ಕಂಪನಿ ನಾಟಕ ನೋಡುವವರು, ಅವರಿಗೆ ಕೊಠಡಿ ಏಕೆ?

ಇನ್ನು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಂಸಾರದ ಬಸ್ ಖರ್ಚು ಎಂದರೆ ಗಂಡಸರ ಖರ್ಚು ಅಷ್ಟೆ. ನಮ್ಮ ಐವರಲ್ಲಿ ಅಜ್ಜಿ, ತಾಯಿ, ಮಗಳು ಮೂವರಿಗೂ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ದುಡ್ಡು ಕೊಡದಿದ್ದರೂ ಟಿಕೆಟ್ ಮಾತ್ರ ಕೇಳಿ ಪಡೆಯಬೇಕು. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಅಂಥ ಬಸ್ಸಿಗೆ ಮುಂಗಡ ಕಾಯ್ದಿರಿಸುವವರು ನಾಲ್ಕು ಜನ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದೇ ಟಿಕೆಟ್ಟಿನಲ್ಲಿ ತೆಗೆದು ಶೇ 5, ಹೋಗಿಬರುವುದನ್ನು ಒಟ್ಟಿಗೆ ತೆಗೆದು ವಾಪಸಿನ ದರದಲ್ಲಿ ಶೇ 10 ರಿಯಾಯಿತಿ ಪಡೆಯಬಹುದು.

ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್, ಐಹೊಳೆ ಅದರಾಚೆ. ಎಲ್ಲರೂ ಮೊದಲು ಸಿಗುವ ಪಟ್ಟದಕಲ್ಲಿನಲ್ಲಿ ಇಳಿದುಬಿಡುತ್ತಾರೆ. ತಿಳಿದವರು ಬೆಳಗಿನ ಬಸ್ಸಿಗೆ ನೇರ ಐಹೊಳೆಗೆ ಹೋಗಿ, ಮಧ್ಯಾಹ್ನ ಹಿಂದೆ ಬರುತ್ತಾ ಪಟ್ಟದಕಲ್ಲಿನಲ್ಲಿ ಇಳಿಯುತ್ತಾರೆ. ಐಹೊಳೆ ಕಡೆಗೆ ಬಸ್ಸು ಕಡಿಮೆ, ಹೊತ್ತು ಇಳಿದಂತೆ ಇನ್ನೂ ಕಡಿಮೆ. ಪಟ್ಟದಕಲ್ಲಿನಿಂದಾದರೆ ಬಾದಾಮಿ ಸೇರಲು ಏನಾದರೊಂದು ಸಿಕ್ಕೇ ಸಿಗುತ್ತದೆ. ಹಿಂದಿನ ದಿನ ಸಂಜೆ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಿ ಸಮಯ ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಸಿಗುವ ಸಮಯಕ್ಕಿಂತ ಅವರ ಬಾಯಲ್ಲಿ ಬರುವ ಸಮಯ ಗಟ್ಟಿ.

ಪ್ರವೇಶ ದರದಲ್ಲಿ ಪುರಾತತ್ವ ಇಲಾಖೆ ಉದಾರಿಯೇ. ಹದಿನೈದು ವರ್ಷದೊಳಗಿನವರಿಗೆ ಬಿಟ್ಟಿ. ದೊಡ್ಡವರಿಗೆ ಬಾದಾಮಿ ಗುಹೆಗಳಿಗೆ 25 ರೂಪಾಯಿ, ಐಹೊಳೆಗೆ 25, ವಿಶ್ವ ಪರಂಪರೆಯ ತಾಣವಾದ ಪಟ್ಟದಕಲ್ಲಿಗೆ 40. ಮೂವರಿಗೆ ಮೂರು ಜಾಗಕ್ಕೂ ಸೇರಿ 270 ರೂಪಾಯಿ. ಬೆಂಗಳೂರಿನ ಮಾಲ್‌ನಲ್ಲಿ ಇಷ್ಟು ದುಡ್ಡಿಗೆ ಒಬ್ಬರು ಪಾಪ್‌ಕಾರ್ನ್ ತಿಂದರೆ ಹೆಚ್ಚು.

ಮೊದಲ ಗುಹೆಯ ಹೊರಗೋಡೆಯಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನೆ. ಮಕ್ಕಳಿಗೆ ಇತಿಹಾಸ ಹೇಳಲು ಹೋಗಬೇಡಿ, ಬಲಗಡೆಯ ಒಂದು ಕೈ, ಎಡಗಡೆಯ ಒಂದು ಕೈ ಸೇರಿಸಿ ಭಂಗಿ ಮಾಡಿ ತೋರಿಸಲು ಹೇಳಿ. ಒಂಬತ್ತು ಕೈಗೆ ಒಂಬತ್ತು ಕೈ, ಒಟ್ಟು 81 ಜೋಡಿ. ಹತ್ತು ಮುಗಿಸುವಷ್ಟರಲ್ಲಿ ಪಕ್ಕದ ಸಂಸಾರದ ಮಕ್ಕಳೂ ಸೇರಿಕೊಂಡಿರುತ್ತಾರೆ. ದೊಡ್ಡವರು ಆ ಹೊತ್ತಿನಲ್ಲಿ ಮೂರನೇ ಗುಹೆಗೆ ಹತ್ತಬಹುದು. ಅಲ್ಲಿರುವ ಮಂಗಳೇಶನ ಶಾಸನ ಕ್ರಿ.ಶ. 578ರದು. ಕೈಯಲ್ಲಿ ಬಾಳೆಹಣ್ಣಾಗಲಿ ಬಿಸ್ಕತ್ತಾಗಲಿ ಬೇಡ. ಅಲ್ಲಿನ ಮಂಗಗಳು ಜಿಪ್ ತೆಗೆಯುವುದನ್ನೂ ಕಲಿತಿವೆ.

ಎರಡನೇ ದಿನಕ್ಕೆ ಮಹಾಕೂಟ. ಗುಡಿಗಳ ನಡುವೆ ಬುಗ್ಗೆಯ ನೀರಿನ ಹೊಂಡ, ಊರ ಹುಡುಗರು ಕಟ್ಟೆಯಿಂದ ಧುಮುಕುತ್ತಿರುತ್ತಾರೆ. ರೆಸಾರ್ಟುಗಳು ಈಜುಕೊಳದ ಹೆಸರಿನಲ್ಲಿ ವಸೂಲು ಮಾಡುವ ಸುಖ ಇಲ್ಲಿ ಒಂದು ಟವೆಲ್ಲಿಗೆ ಸಿಗುತ್ತದೆ. ಅಜ್ಜಿಗೆ ಹೊಂಡದ ಮೆಟ್ಟಿಲೇ ಸಾಕು, ಕಾಲು ಇಳಿಬಿಟ್ಟು ಕೂತರೆ ಏಳಿಸುವುದು ಕಷ್ಟ.

ಊಟದಲ್ಲಿ ನನ್ನದು ಎರಡು ಮಾತು. ರೈಲಿನ ರಾತ್ರಿಗೆ ಮನೆಯಿಂದಲೇ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಳ್ಳಿ. ಊರು ಮುಟ್ಟಿದ ಮೇಲೆ ಮನೆಯ ಬುತ್ತಿ ಮುಚ್ಚಿಡಿ, ಅಲ್ಲಿನದನ್ನೇ ಉಣ್ಣಿ. ಬೆಂಗಳೂರಿನ ಮಕ್ಕಳಿಗಾಗಿ ಗೋಬಿ ಮಂಚೂರಿ ಹುಡುಕುತ್ತಾ ಹೊರಟರೆ ದುಡ್ಡೂ ಹೋಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಜ್ಜಿಗೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಇನ್ನೂ ಒಳ್ಳೆಯ ಏರ್ಪಾಡಿದೆ. ಹೊಂಡದ ಬದಿಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬಿಳಿ ಬಟ್ಟೆ ಸರಿಸಿದರೆ ರೊಟ್ಟಿಯ ಅಟ್ಟಿ, ಪಕ್ಕದಲ್ಲಿ ಕೆಂಪು ಚಟ್ನಿ, ಪಲ್ಯ, ಗಡಿಗೆಯಲ್ಲಿ ಗಟ್ಟಿ ಮೊಸರು. “ಯಪ್ಪಾ, ಮೊದಲು ಉಣ್ಣು, ರೊಕ್ಕ ಆಮ್ಯಾಗ” ಎನ್ನುತ್ತಾರೆ. ಚಟ್ನಿ ಖಾರವಾಯಿತೆಂದು ಹುಡುಗ ಕಣ್ಣಲ್ಲಿ ನೀರು ತಂದುಕೊಂಡರೆ ಮೊಸರು ಕೇಳುವ ಮೊದಲೇ ಬೀಳುತ್ತದೆ. ಇಲ್ಲಿ ಚೌಕಾಸಿ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ.

ನೀರಿನ ಬಾಟಲಿಯೇ ಕಣ್ಣಿಗೆ ಬೀಳದ ಕಳ್ಳ. ಐದು ಜನ, ದಿನಕ್ಕೆ ತಲೆಗೆರಡು ಲೀಟರ್, ಲೀಟರಿಗೆ ಇಪ್ಪತ್ತು ರೂಪಾಯಿ ಎಂದರೆ ದಿನಕ್ಕೆ ಇನ್ನೂರು. ನಾಲ್ಕು ದಿನಕ್ಕೆ ಎರಡು ಬರ್ತಿನ ದುಡ್ಡು. ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ಕೊಡ ತುಂಬುವಷ್ಟು ಸುರಿಯುತ್ತದೆ. ಐದು ಲೀಟರಿನ ಒಂದು ಕ್ಯಾನ್ ಒಯ್ಯಿರಿ. ನಿಮ್ಮದು ತುಂಬಿದ ಮೇಲೂ ನೀರು ನಿಲ್ಲುವುದಿಲ್ಲ, ಹಿಂದೆ ನಿಂತವರಿಗೆ ಮೊದಲೇ ಹೇಳಿಟ್ಟರೆ ಅವರು ಕೊಡ ಮುಂದೆ ತಳ್ಳುತ್ತಾರೆ. ಯಾವ ಊರು, ಯಾರ ಮಗಳು ಎಂಬ ವಿಚಾರಣೆ ಅಲ್ಲಿಂದಲೇ ಶುರು.

ಹೀಗೆಲ್ಲ ಉಳಿಸಿದ್ದನ್ನು ಒಂದು ಕಡೆ ಧಾರಾಳವಾಗಿ ಬಿಡಬೇಕು: ಪಟ್ಟದಕಲ್ಲಿನಲ್ಲಿ ಪರವಾನಗಿ ಇರುವ ಗೈಡ್. ಒಂದೇ ಅಂಗಳದಲ್ಲಿ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ವಿಮಾನ ಎರಡೂ ನಿಂತಿರುವುದು ಯಾರಾದರೂ ಬೆರಳು ತೋರಿಸಿ ಹೇಳದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿದೆ. ಗೈಡ್ ಅದನ್ನು ತೋರಿಸುವಾಗ ಅವಸರ ಮಾಡಬೇಡಿ. ಬಾದಾಮಿಗೆ ಸಂಜೆ ಇನ್ನೊಂದು ಬಸ್ಸು ಇದೆ.