ಗೇಜಿನ ಮುಳ್ಳು ಇಳಿಯುವಾಗ

ನಿಂತ ಗಾಡಿಯಲ್ಲಿ ಪೆಟ್ರೋಲ್ ಪ್ರೆಷರ್ ಸರಿಯಾಗಿ ತೋರಿದರೆ ಪಂಪಿನ ಕಡೆ ತೊಂದರೆಯಿಲ್ಲ ಎಂದುಕೊಳ್ಳುವವರೇ ಹೆಚ್ಚು. ಆ ಲೆಕ್ಕದ ಮೇಲೆ ನನಗಿದ್ದ ನಂಬಿಕೆ ಹೋಗಿದ್ದು ಶಿರಾಡಿ ಘಾಟಿಯಲ್ಲಿ.

ಸ್ನೇಹಿತರೊಬ್ಬರದು ಇಪ್ಪತ್ತು ವರ್ಷದ ಪೆಟ್ರೋಲ್ ಕಾರು. ಘಾಟಿ ಇಳಿಯುವಾಗ ಯಾವ ತಕರಾರೂ ಇಲ್ಲ. ವಾಪಸು ಬರುವಾಗ ಗುಂಡ್ಯ ದಾಟಿ ಏರು ಹಿಡಿದರೆ ಸಾಕು, ಜರ್ಕ್ ಹೊಡೆಯಲು ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಸೊರಗುತ್ತಿತ್ತು. ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಕೊನೆಗೆ ಪಂಪು, ಫಿಲ್ಟರ್ ಎರಡನ್ನೂ ಹೊಸದು ಹಾಕಿದರು. ಕಾಯಿಲೆ ಹಾಗೇ ಉಳಿಯಿತು. ಇಷ್ಟು ದುಡ್ಡು ಸುರಿದರೂ ಒಬ್ಬರೂ ಗೇಜ್ ಹಾಕಿ ನೋಡಿರಲಿಲ್ಲ ಎಂದು ತಿಳಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಎಂಜಿನ್ ತಣ್ಣಗಿರುವಾಗ ಪಂಪಿನ ಫ್ಯೂಸ್ ತೆಗೆದು, ಲೈನಿನಲ್ಲಿ ಉಳಿದ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದೆವು. ಜಾಯಿಂಟಿಗೆ ಬಟ್ಟೆ ಸುತ್ತಿ ಬಿಚ್ಚಿ, ಗೇಜ್ ಕೂರಿಸಿದೆವು. ಕಾರ್ಬ್ಯುರೇಟರ್ ಕಾಲದಲ್ಲಿ ಕಾಲು ಬಾರ್ ಒತ್ತಡ ಸಾಕಿತ್ತು. ಇಂಜೆಕ್ಟರ್ ಗಾಡಿಗೆ ಮೂರು ಬಾರ್ ಆಸುಪಾಸು ಬೇಕು, ಅಜಾಗರೂಕತೆಯಿಂದ ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತದೆ. (ಕಾಮನ್ ರೈಲ್ ಡೀಸೆಲ್ ಗಾಡಿಯಲ್ಲಿ ಸಾವಿರ ಬಾರ್ ಮೀರುತ್ತದೆ, ಚರ್ಮವನ್ನೇ ಸೀಳಿಬಿಡುತ್ತದೆ. ಅದರ ಹೈ ಪ್ರೆಷರ್ ಲೈನಿಗೆ ದಯವಿಟ್ಟು ಮನೆಯಲ್ಲಿ ಕೈ ಹಾಕಬೇಡಿ.)

ಕೀ ಆನ್ ಮಾಡಿದಾಗ ಮೂರು ಬಾರ್, ಐಡಲಿಂಗಿನಲ್ಲಿ ಎರಡೂವರೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತರೆ ಮುಳ್ಳು ಮತ್ತೆ ಮೂರಕ್ಕೆ ಏರಿತು. ಪೈಪಿನೊಳಗೆ ಪೆಟ್ರೋಲ್ ಹನಿಯೂ ಇರಲಿಲ್ಲ. ಇದ್ದಿದ್ದರೆ ಒಳಗಿನ ಡಯಾಫ್ರಮ್ ಹರಿದಿದೆ ಎಂದೇ ಅರ್ಥ. ಎಂಜಿನ್ ಆಫ್ ಮಾಡಿ ಕಾದೆವು. ಮುಳ್ಳು ಕದಲಲಿಲ್ಲ. ಬೆಳಿಗ್ಗೆ ಹೊತ್ತು ಉದ್ದಕ್ಕೆ ಸೆಲ್ಫ್ ಹೊಡೆಯಬೇಕಾದ ಗಾಡಿಗಳಲ್ಲಿ ಇದು ಸರಸರ ಇಳಿಯುತ್ತದೆ. ಆಗ ರಿಟರ್ನ್ ರಬ್ಬರ್ ಪೈಪನ್ನು ಹಿಸುಕಿ ಹಿಡಿಯಿರಿ, ಇಳಿತ ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ಟ್ಯಾಂಕಿನಿಂದ ಬರುವ ಪೈಪ್ ಹಿಸುಕಿದಾಗ ನಿಂತರೆ ಪಂಪಿನ ವಾಲ್ವ್. ಎರಡನ್ನೂ ಒಟ್ಟಿಗೆ ಹಿಡಿದರೂ ಇಳಿಯುತ್ತಿದ್ದರೆ ಯಾವುದೋ ಇಂಜೆಕ್ಟರ್ ಒಳಗೊಳಗೇ ತೊಟ್ಟಿಕ್ಕುತ್ತಿದೆ.

ನಮ್ಮ ಗಾಡಿಯಲ್ಲಿ ಇವು ಯಾವುವೂ ಅಲ್ಲ. ಉದ್ದ ಹೋಸ್ ಇರುವ ಗೇಜನ್ನು ಬಾನೆಟ್ಟಿನ ಹೊರಗೆ ತಂದು ವೈಪರಿಗೆ ಕಟ್ಟಿದೆವು. ಪೆಟ್ರೋಲ್ ಹೋಸನ್ನು ಕಾರಿನೊಳಗೆ ತರಲೇಬಾರದು. ಸ್ನೇಹಿತರು ಓಡಿಸಿದರು, ನಾನು ಮುಳ್ಳನ್ನೇ ನೋಡುತ್ತ ಕುಳಿತೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮೂರರಲ್ಲಿ ನಿಲ್ಲಬೇಕಾದ ಮುಳ್ಳು ಎರಡಕ್ಕಿಂತ ಕೆಳಗೆ ಜಾರಿತು. ಹಿಂದೆಯೇ ಜರ್ಕ್.

ಐಡಲಿಂಗಿನಲ್ಲಿ ಎಂಜಿನ್ ಕುಡಿಯುವ ಪೆಟ್ರೋಲ್ ತೀರಾ ಕಡಿಮೆ, ಸೋತ ಪಂಪೂ ಅಷ್ಟನ್ನು ಒದಗಿಸುತ್ತದೆ. ಹೆಚ್ಚು ಕೇಳಿದಾಗಲೇ ಅದರ ಬಂಡವಾಳ ಬಯಲಾಗುವುದು. ಆದರೆ ಇಲ್ಲಿ ಪಂಪು ಹೊಸದು, ಫಿಲ್ಟರೂ ಹೊಸದು. ಉಳಿದದ್ದು ಕರೆಂಟು.

ಹಿಂದಿನ ಸೀಟು ಎತ್ತಿ ಪಂಪಿನ ಕನೆಕ್ಟರಿಗೆ ಮೀಟರ್ ಹಿಡಿದೆ. ಎಂಜಿನ್ ಓಡುತ್ತಿತ್ತು, ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಹತ್ತಿರ 10.9. ಬ್ಯಾಟರಿಯ ಮೈನಸ್‌ಗೂ ಪಂಪಿನ ಅರ್ಥ್ ವೈರಿಗೂ ನಡುವೆ ಹಿಡಿದರೆ ಎರಡೂವರೆ ವೋಲ್ಟ್ ತೋರಿತು. ಅಲ್ಲಿ ಕಾಲು ವೋಲ್ಟೂ ಇರಬಾರದು. ವೈರಿನ ಬೆನ್ನು ಹಿಡಿದು ಹೋದಾಗ ಡಿಕ್ಕಿಯ ಕಾರ್ಪೆಟ್ಟಿನ ಕೆಳಗೆ ಒಂದು ಬೋಲ್ಟು ಸಿಕ್ಕಿತು. ಎಷ್ಟು ಮಳೆಗಾಲದ ನೀರು ಕುಡಿದಿತ್ತೋ, ಸುತ್ತ ತುಕ್ಕು, ವೈರಿನ ತುದಿಗೆ ಹಸಿರು ಕಿಲುಬು.

ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಬೋಲ್ಟು ಬಿಗಿದು ಗ್ರೀಸ್ ಸವರಿದೆವು. ಪಂಪಿಗೆ 13.5 ಬಂತು. ಗೇಜ್ ಬಿಚ್ಚದೆ ಮತ್ತೆ ಗುಂಡ್ಯಕ್ಕೆ ಇಳಿದು, ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿದೆವು. ಮಾರನಹಳ್ಳಿ ಬರುವವರೆಗೂ ಮುಳ್ಳು ಮೂರರ ಮೇಲೇ ನಿಂತಿತ್ತು.