ಪ್ಯಾಕೇಜು ಮನೆಅಳಿಯನಾದಾಗ

ಹೊರಗಿದ್ದ ಒಳ್ಳೆಯ ಪ್ಯಾಕೇಜೊಂದು ಪೈಥಾನ್ ಭಾಷೆಯೊಳಗೇ ಸೇರಿಕೊಂಡಿತು ಅಂದ್ರೆ ನಾವೆಲ್ಲ ಖುಷಿಪಡ್ತೀವಿ. ಇನ್‌ಸ್ಟಾಲ್ ಮಾಡೋ ತಾಪತ್ರಯ ಇಲ್ಲ, ಒಂದು ಡಿಪೆಂಡೆನ್ಸಿ ಕಡಿಮೆ ಆಯ್ತು ಅಂತ. ಈ ಲೆಕ್ಕ ಅಷ್ಟು ಸರಿಯಿಲ್ಲ. ಒಳಗೆ ಸೇರಿದ ದಿನ ಡಿಪೆಂಡೆನ್ಸಿ ಸಾಯಲ್ಲ, ಎರಡಾಗುತ್ತೆ.

ಟಾಮ್ಲಿಯನ್ನೇ ನೋಡಿ. ಪ್ಯಾಕೇಜು ಕಟ್ಟಲು ಬೇಕಾದ ವಿವರಗಳನ್ನು ಟಾಮ್ಲ್ ಫೈಲಿನಲ್ಲಿ ಬರೆಯಬೇಕು ಅಂತ ಪೈಥಾನ್ ಮಂದಿ 2016ರಲ್ಲೇ ತೀರ್ಮಾನಿಸಿದರು. ಆದರೆ ಆ ಫೈಲು ಓದೋದು ಪೈಥಾನ್‌ಗೇ ಗೊತ್ತಿರಲಿಲ್ಲ! ಪ್ಯಾಕೇಜು ಹಾಕಲು ಫೈಲು ಓದಬೇಕು, ಫೈಲು ಓದಲು ಪ್ಯಾಕೇಜು ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಕಥೆ. ಪಿಪ್ ತನ್ನ ಹೊಟ್ಟೆಯೊಳಗೇ ಟಾಮ್ಲ್ ಓದುವ ಕೋಡನ್ನು ಇಟ್ಟುಕೊಂಡು ಕಾಲ ತಳ್ಳಿತು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಬಂದ 3.11ರಲ್ಲಿ ಟಾಮ್ಲಿ, 'ಟಾಮ್‌ಲಿಬ್' ಎಂಬ ಹೊಸ ಹೆಸರಿನಲ್ಲಿ ಭಾಷೆಯ ಮನೆಅಳಿಯನಾಯಿತು.

ಸರಿ, 3.10ರಲ್ಲಿ ಇರೋರು? ಒಂದೊಂದು ಆವೃತ್ತಿಗೆ ಐದು ವರ್ಷ ಆಯಸ್ಸು. 3.10ರ ಅವಧಿ 2026ರ ಅಕ್ಟೋಬರ್‌ವರೆಗೆ. ಅಲ್ಲಿಯವರೆಗೆ ಲೈಬ್ರರಿ ಬರೆಯೋರು '3.11ಕ್ಕಿಂತ ಹಳೆಯದಾದರೆ ಮಾತ್ರ ಟಾಮ್ಲಿ ತಾ' ಅನ್ನೋ ಷರತ್ತು ಬರೆಯಬೇಕು, ಕೋಡಿನಲ್ಲೂ ಎರಡು ದಾರಿ ಇಡಬೇಕು. ಸಾಲದ್ದಕ್ಕೆ ಟಾಮ್‌ಲಿಬ್‌ಗೆ ಓದೋದಷ್ಟೇ ಗೊತ್ತು. ಬರೆಯೋಕೆ ಮತ್ತೆ ಹೊರಗಿನ ಪ್ಯಾಕೇಜೇ ಗತಿ.

ಆದರೂ ಇದು ಮರ್ಯಾದಸ್ಥ ಹಸ್ತಾಂತರ ಅಂತಲೇ ನನ್ನ ಅಭಿಪ್ರಾಯ. ಕಾರಣ, ಹೆಸರು ಬೇರೆ. ಹೊಸದು, ಹಳೆಯದು ಒಂದೇ ಕಂಪ್ಯೂಟರಿನಲ್ಲಿದ್ದರೂ ಜಗಳವಿಲ್ಲ.

ಈನಮ್ ಕಥೆ ಹಾಗಲ್ಲ. ಅದು 2014ರಲ್ಲಿ 3.4ರೊಳಗೆ ಬಂತು. ಹಳೆಯ ಪೈಥಾನ್‌ಗಳಿಗೆ 'ಈನಮ್34' ಅನ್ನೋ ಪ್ಯಾಕೇಜು ಇತ್ತು, ಆದರೆ ಇಂಪೋರ್ಟ್ ಮಾಡುವ ಹೆಸರು ಎರಡಕ್ಕೂ ಒಂದೇ. ಮುಂದೆ 3.6ರಲ್ಲಿ ಈನಮ್‌ಗೆ 'ಇಂಟ್‌ಫ್ಲ್ಯಾಗ್' ಸೇರಿತು, ಪೈಥಾನ್‌ನ ರೆಗೆಕ್ಸ್ ಮಾಡ್ಯೂಲು ಅದನ್ನೇ ನಂಬಿಕೊಂಡಿತು. ಯಾರೋ ಷರತ್ತು ಹಾಕದೆ ಈನಮ್34 ಎಳೆದು ತಂದರು, ಹುಡುಕುವ ದಾರಿಯಲ್ಲಿ ಅದೇ ಮೊದಲು ಸಿಕ್ಕಿತು ಅಂದುಕೊಳ್ಳಿ. ಅದರಲ್ಲಿ ಇಂಟ್‌ಫ್ಲ್ಯಾಗ್ ಇಲ್ಲ. ನೀವು ಮುಟ್ಟೇ ಇಲ್ಲದ ರೆಗೆಕ್ಸ್ ದಬಕ್ಕಂತ ಬೀಳುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಒಳಗೆ ಬಂದದ್ದು ಶಾಶ್ವತ ಅಂತಲೂ ಇಲ್ಲ. 2024ರ 3.13ರಲ್ಲಿ ಸಿಜಿಐ, ಟೆಲ್‌ನೆಟ್‌ಲಿಬ್ ಸೇರಿ 19 ಹಳೆಯ ಮಾಡ್ಯೂಲುಗಳನ್ನು ಆಚೆ ಕಳಿಸಿದರು. ಅವನ್ನು ನಂಬಿದ್ದವರಿಗೆ ಅವು ಮತ್ತೆ ಹೊರಗಿನ ಡಿಪೆಂಡೆನ್ಸಿಗಳೇ.

ಹೊಸ ಆವೃತ್ತಿ ಬಿಟ್ಟ ದಿನ ಚಪ್ಪಾಳೆ ಭಾಷೆಗೆ. ವರ್ಷಗಟ್ಟಲೆ ಆ ಷರತ್ತಿನ ಸಾಲನ್ನು ಕಾಯುವ ಕೆಲಸ ಮಾತ್ರ, ಬಹಳ ಸಲ ಸಂಬಳವಿಲ್ಲದೆ ಲೈಬ್ರರಿ ನಡೆಸೋರದ್ದು. ಒಳಗೆ ಸೇರಿಸಿಕೊಳ್ಳುವಾಗಲೇ ಹೊಸ ಹೆಸರು, ಹಳಬರಿಗೆ ದಾರಿ, ಷರತ್ತು ಅಳಿಸುವ ತಾರೀಖು ಮೂರನ್ನೂ ಹೇಳಿಬಿಟ್ಟರೆ ಅವರ ಹೊರೆ ಅರ್ಧ ಇಳಿಯುತ್ತೆ. ಉಳಿದರ್ಧ ನಮ್ಮದು. ನಿಮ್ಮ ಪ್ರಾಜೆಕ್ಟಿನ ಪಟ್ಟಿ ಒಮ್ಮೆ ತೆಗೆದು ನೋಡಿ: ಭಾಷೆಯೊಳಗೆ ಎಂದೋ ಸೇರಿಹೋದ ಪ್ಯಾಕೇಜು, ಷರತ್ತಿಲ್ಲದೆ, ಇನ್ನೂ ಅಲ್ಲೇ ಕೂತಿರಬಹುದು.